ಎಲ್ಲ ಬಲ್ಲವನ ಕಣ್ಣೀರು

ಭಾನುವಾರ, 6 ಫೆಬ್ರವರಿ 2011. ಬೆಳಿಗ್ಗೆ

ಮತ್ತೆ ಟೇಪು. ನೆಲಮಾಳಿಗೆಯ ಆರ್ಕೈವಿನಲ್ಲಿ ಹೀಟರ್ ಕೆಟ್ಟಿದೆ, ಕೋಟು ಹಾಕಿಕೊಂಡೇ ಕೂತಿದ್ದೇನೆ. ಹಳೇ ಮಂತ್ರಿ ಎಲ್ಯಾಕೀಮ್ ಶಾಲ್ತಿಯೇಲ್ ಅವರಿಗೆ ಏಪ್ರಿಲ್‌ನಲ್ಲಿ ಎಂಬತ್ತೈದು. ನಮ್ಮ ಜೆರುಸಲೇಮ್ ರೇಡಿಯೋದಿಂದ ಎರಡು ಗಂಟೆಯ ಕಾರ್ಯಕ್ರಮ. ತಯಾರಿಸುವವಳು ನಾನು. ವಿಭಾಗದ ಮುಖ್ಯಸ್ಥ ಹನೋಖ್ ಬಾಗಿಲಲ್ಲೇ ನಿಂತು ಹೇಳಿದ:

"ನೋಡು ರುಹಾಮಾ, ಭಜನೆ ಆಗೋದು ಬೇಡ. ಟೀಕೆ ಇರ್ಲಿ. ಆದ್ರೆ ಹುಟ್ಟುಹಬ್ಬ ಅನ್ನೋದು ನೆನಪಿರ್ಲಿ."

"ಅಂದ್ರೆ ಕಚ್ಚಬೇಕು, ಹಲ್ಲು ತಾಗಬಾರದು."

"ಅದೇ! ಅದಕ್ಕೇ ನಿನಗೆ ಕೊಟ್ಟಿದ್ದು."

1969ರ ಟೇಪು. ಆಗ ಅವರು ಉಪಮಂತ್ರಿ. 67ರ ಯುದ್ಧದಲ್ಲಿ ಅರಬರಿಂದ ಗೆದ್ದ ನೆಲದ ಗುಡ್ಡವೊಂದರ ಮೇಲೆ ನಮ್ಮ ಕೆಲವು ಯಹೂದಿ ಹುಡುಗರು ಡೇರೆ ಹೊಡೆದು ಕೂತಿದ್ದಾರೆ, ಸರ್ಕಾರದ ಒಪ್ಪಿಗೆ ಇಲ್ಲ. ಶಾಲ್ತಿಯೇಲ್ ಹೇಳುತ್ತಾರೆ: "ಚಳಿಗಾಲ. ಹುಡುಗರು ನಡುಗ್ತಿದ್ದಾರೆ. ಕರೆಂಟಿನ ಲೈನು ಕೊಟ್ಟಿದ್ದೀವಿ. ತಾತ್ಕಾಲಿಕ." ಇವತ್ತು ಆ ಗುಡ್ಡದ ಮೇಲೆ ಎರಡು ಶಾಲೆ, ಒಂದು ಈಜುಕೊಳ.

1993ರ ಟೇಪು. ಶಾಂತಿ ಮಾತುಕತೆಯ ಕಾಲ. ಅದೇ ತಗ್ಗಿನ ದನಿ, ಮಾತಿಗೆ ಮುಂಚೆ ಅದೇ ನಿಟ್ಟುಸಿರು. "ಆ ಗುಡ್ಡಗಳು ನಮ್ಮ ಕುತ್ತಿಗೆಗೆ ಕಟ್ಟಿದ ಬೀಸುಕಲ್ಲು. ನನ್ನ ಮನಸ್ಸು ಅದನ್ನು ಎಂದೂ ಒಪ್ಪಿರಲಿಲ್ಲ." ಚಪ್ಪಾಳೆ.

ಆ ಚಪ್ಪಾಳೆಯಲ್ಲಿ ನನ್ನದೂ ಇದೆ. ಆ ಸಭೆಯಲ್ಲಿದ್ದೆ. ಮುಂದಿನ ಸಾಲಿನಲ್ಲಿ.

ಮಂಗಳವಾರ, 8 ಫೆಬ್ರವರಿ

ಅಮ್ಮನ ಮನೆ. ಮೂರನೇ ಮಹಡಿ, ಮೆಟ್ಟಿಲ ತುಂಬ ಕರಿದ ಬದನೆಕಾಯಿಯ ವಾಸನೆ. ಶಾಲ್ತಿಯೇಲ್ ಮನೆಗೆ ಹೋಗಿ ಸಂದರ್ಶನ ಮಾಡುತ್ತೇನೆ ಅಂದದ್ದೇ ತಪ್ಪಾಯಿತು. ಅಮ್ಮ ಫ್ರಿಜ್ ಬಾಗಿಲು ತೆಗೆದೇ ನಿಂತಳು.

"ಬರೀ ಕೈಯಲ್ಲಿ ಹೋಗ್ತೀಯಾ? ಕುಬ್ಬೆ ಮಾಡಿಕೊಡ್ತೀನಿ. ಬೀಟ್‌ರೂಟ್ ಸಾರಲ್ಲಿ ಬೇಯಿಸಿದ ಮಾಂಸದ ಉಂಡೆ."

"ಅಮ್ಮಾ, ನಾನು ರೇಡಿಯೋದವಳು. ಮದುವೆ ಮಾತುಕತೆಗೆ ಹೋಗ್ತಿಲ್ಲ."

"ರೇಡಿಯೋದವರಿಗೆ ಮರ್ಯಾದೆ ಇರಬಾರದು ಅಂತ ಎಲ್ಲಿದೆ, ಐನಿ, ನನ್ನ ಕಣ್ಣೇ? ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತವನು. ಅಷ್ಟು ದೊಡ್ಡ ಮನುಷ್ಯ."

ಹೌದು. 1997ರ ಜನವರಿ. ಸೈನಿಕನಾಗಿದ್ದ ನನ್ನ ತಮ್ಮ ಎಲ್ದಾದ್, ಲೆಬನಾನಿನೊಳಗೆ ನಮ್ಮ ಸೇನೆ ಹಿಡಿದಿದ್ದ ಗಡಿಪಟ್ಟಿಯಲ್ಲಿ, ರಸ್ತೆ ಬದಿಯ ಬಾಂಬಿಗೆ ಸತ್ತ. ಇಪ್ಪತ್ತೊಂದು ವರ್ಷ. ದುಃಖದ ಏಳು ದಿನ ನಾವು ನೆಲದಲ್ಲಿ ಕೂತಿದ್ದಾಗ ಎಷ್ಟೋ ಮಂದಿ ದೊಡ್ಡವರು ಬಂದು ಕುರ್ಚಿ ಮೇಲೆ ಕೂತು, ಗಡಿಯಾರ ನೋಡಿ ಎದ್ದು ಹೋದರು. ಶಾಲ್ತಿಯೇಲ್ ಜೊತೆಗೆ ಯಾರೂ ಇಲ್ಲದೆ ಬಂದರು. ಅಮ್ಮನ ಪಕ್ಕದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತರು. ಅಂದಿನಿಂದ ಪ್ರತಿ ವರ್ಷ ಸೈನಿಕರ ಸ್ಮರಣೆಯ ದಿನದ ಹಿಂದಿನ ದಿನ ಫೋನ್ ಮಾಡುತ್ತಾರೆ. ಅಮ್ಮ ಅವತ್ತು ಬಚ್ಚಲಿಗೂ ಹೋಗುವುದಿಲ್ಲ.

"ನಿಮ್ಮಪ್ಪ ಕೂಡ ಅಷ್ಟು ಅಳಲಿಲ್ಲ," ಅಂದಳು ಅಮ್ಮ.

ಅಪ್ಪ ಅತ್ತಿರಲಿಲ್ಲ. ಮುಂದಿನ ವರ್ಷ ಸತ್ತುಹೋದರು, ಅಷ್ಟೇ.

ಮಂಗಳವಾರ, 15 ಫೆಬ್ರವರಿ. ಮಧ್ಯಾಹ್ನ

ತಾಲ್ಬಿಯೆ ಬಡಾವಣೆಯಲ್ಲಿ ಅವರ ಮನೆ. ಹಳೇ ಕಲ್ಲಿನ ಕಟ್ಟಡ, ನಿಂಬೆ ಗಿಡ. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಚಹಾ ತಾವೇ ಮಾಡಿದರು. ಕುಬ್ಬೆಯ ಡಬ್ಬಿ ಮುಚ್ಚಳ ತೆಗೆದು ಮೂಸಿದರು.

"ನಯೀಮಾ! ನಿಮ್ಮಮ್ಮ ಇನ್ನೂ ಖಾರ ಜಾಸ್ತಿ ಹಾಕ್ತಾಳಾ?"

ಹೆಸರು ನೆನಪಿದೆ. ಎಲ್ದಾದ್ ಹೆಸರೂ. ಅವನು ಚೆಸ್ ಆಡುತ್ತಿದ್ದದ್ದೂ. ಎಷ್ಟು ಮನೆಗಳ ಎಷ್ಟು ಹೆಸರು ಈ ತಲೆಯಲ್ಲಿದೆಯೋ... ನಾಟಕ ಅಲ್ಲ. ನಾಟಕವಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು.

ಬಾಲ್ಯ, ಹೆಬ್ರಾನಿನಿಂದ ಬಂದ ಅಜ್ಜ, ಮೊದಲ ಚುನಾವಣೆ. ಒಳ್ಳೆಯ ಕಥೆಗಾರ. ಟೇಪು ಮುಗಿದದ್ದೇ ಗೊತ್ತಾಗಲಿಲ್ಲ. ಖುಷಿಯಾಗಿ ಮನೆಗೆ ಬಂದೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ: ಖುಷಿಯಾಗಿ.

ಗುರುವಾರ, 24 ಫೆಬ್ರವರಿ

ಎರಡನೇ ಭೇಟಿ. ರಾಜಕೀಯ. ಒಂಬತ್ತು ಸರ್ಕಾರಗಳಲ್ಲಿ ಮಂತ್ರಿ. ಎಡದವರ ಜೊತೆ, ಬಲದವರ ಜೊತೆ, ಇಬ್ಬರೂ ಸೇರಿದ್ದರ ಜೊತೆ. ಅವರ ಸಣ್ಣ ಪಕ್ಷಕ್ಕೆ ಐದಾರು ಸ್ಥಾನ ಮೀರಿ ಎಂದೂ ಬರಲಿಲ್ಲ, ಆದರೆ ಆ ಐದಾರು ಇಲ್ಲದೆ ಯಾರ ಗಾಡಿಯೂ ಓಡಲಿಲ್ಲ. ಪತ್ರಿಕೆಯವರು ಇಟ್ಟ ಹೆಸರು: 'ಬಾಗಿಲ ಕೀಲು.'

ಕೇಳಿದೆ. "ನಿಮಗೆ ಬೇಸರ ಆಗಲ್ವಾ, ಹಾಗಂದ್ರೆ?"

"ಯಾಕೆ? ಕೀಲಿಲ್ಲದ ಬಾಗಿಲು ನೋಡಿದ್ದೀಯಾ? ಬಿದ್ದು ಜನದ ಕಾಲು ಮುರಿಯತ್ತೆ."

"ಆದ್ರೆ ಕೀಲು ಎಲ್ಲಿಗೂ ಹೋಗಲ್ಲ."

ನಕ್ಕರು. ತುಂಬ ಹೊತ್ತು ನಕ್ಕರು. "ಇದನ್ನ ಇಟ್ಕೋ. ಚೆನ್ನಾಗಿದೆ. ಕಾರ್ಯಕ್ರಮಕ್ಕೆ ಹಾಕು."

ಮನೆಗೆ ಬಂದು ಮತದಾನದ ವಿವರ ನೋಡಿದೆ. ರಸ್ತೆಗೆ, ಬೇಲಿಗೆ, ಜಮೀನು ವಶಕ್ಕೆ, ಮನೆ ಕೆಡವುವುದಕ್ಕೆ — ಎಲ್ಲದಕ್ಕೂ ಕೈ ಎತ್ತಿದ್ದಾರೆ. ಪ್ರತಿ ಸಲವೂ ಆ ಶುಕ್ರವಾರದ ಪತ್ರಿಕೆಯಲ್ಲಿ ಒಂದು ಸಂದರ್ಶನ: ಭಾರವಾದ ಮನಸ್ಸು, ನಿದ್ದೆಯಿಲ್ಲದ ರಾತ್ರಿ. ನಾವೆಲ್ಲ ಓದಿ ತಲೆದೂಗುತ್ತಿದ್ದೆವು. ಪಾಪ, ಎಷ್ಟು ನೋಯುತ್ತದೆ ಅವರಿಗೆ. ನಮ್ಮ ಪರವಾಗಿ ಅವರು ನೊಂದುಕೊಳ್ಳುತ್ತಿದ್ದರು. ನಾವು ಕಾಫಿ ಮುಗಿಸಿ ಸಂತೆಗೆ ಹೋಗುತ್ತಿದ್ದೆವು.

ಬುಧವಾರ, 2 ಮಾರ್ಚ್

1969ರ ಟೇಪಿನ ಆ ಗುಡ್ಡದ ಕೆಳಗಿನ ಅರಬ್ ಹಳ್ಳಿಗೆ ಹೋಗಿದ್ದೆ. ಹನೋಖ್‌ಗೆ ಹೇಳಿರಲಿಲ್ಲ. ಅಬೂ ರಾಘಿಬ್ ಅಂತ, ಎಪ್ಪತ್ತು ದಾಟಿದೆ. ಮೂವತ್ತು ವರ್ಷ ನಮ್ಮ ಕಟ್ಟಡಗಳಿಗೆ ಟೈಲ್ಸ್ ಹಾಕಿದವನು, ಹೀಬ್ರೂವಿನಲ್ಲಿ ನನಗಿಂತ ಚೆನ್ನಾಗಿ ಬಯ್ಯುತ್ತಾನೆ. ಗುಡ್ಡದ ನೆತ್ತಿ ಅವನ ಅಪ್ಪನದು. ಅಂಜೂರದ ತೋಟ ಇತ್ತಂತೆ.

"ಶಾಲ್ತಿಯೇಲ್ ಗೊತ್ತಾ?" ಕೇಳಿದೆ.

"ಗೊತ್ತಾ ಅಂತೆ! ನಮ್ಮನೆಗೇ ಬಂದಿದ್ದ. ಲೈಟು ಕಂಬ ನೆಟ್ಟ ವರ್ಷ. ಇಗೋ, ಇಲ್ಲಿ ಕೂತು ಅಂಜೂರ ತಿಂದ. ಇದು ಸ್ವಲ್ಪ ದಿನಕ್ಕೆ ಮಾತ್ರ ಅಂದ. ಅಪ್ಪನ ಕೈ ಹಿಡ್ಕೊಂಡು ಅತ್ತ."

"ಅತ್ರಾ?"

"ಅತ್ತ ಕಣಮ್ಮಾ, ಮಕ್ಕಳ ಹಾಗೆ. ಆಮೇಲೆ ಬಂದವರು ಯಾರೂ ಅಳಲಿಲ್ಲ. ಅಪ್ಪ ಸಾಯೋವರೆಗೂ ಹೇಳ್ತಿದ್ರು, ಯಹೂದಿಗಳಲ್ಲಿ ಅವನೊಬ್ಬ ಒಳ್ಳೆಯವನು ಅಂತ."

"ನೀವೇನಂತೀರಿ?"

ಸಿಗರೇಟು ಹಚ್ಚಿದ. "ನಾನಾ? ಅಳದೇ ಇರೋನು ಬಂದಿದ್ರೆ ಅಪ್ಪ ಕೋರ್ಟಿಗೆ ಹೋಗ್ತಿದ್ರು. ಕೊಡಲಿಯಾದ್ರೂ ಎತ್ತುತ್ತಿದ್ರು. ಇವನು ಅತ್ತ, ಅಪ್ಪ ಸಮಾಧಾನ ಮಾಡಿ ಕಳಿಸಿದ್ರು. ಅಷ್ಟರಲ್ಲಿ ಕಂಬ ಏಳಾಗಿತ್ತು."

ವಾಪಸು ಬರುವಾಗ ಚೆಕ್‌ಪೋಸ್ಟಿನಲ್ಲಿ ನನಗೆ ಒಂದು ನಿಮಿಷ. ಪಕ್ಕದ ಅರಬರ ಸಾಲು ಅಲ್ಲಾಡಲಿಲ್ಲ.

ಬುಧವಾರ, 9 ಮಾರ್ಚ್. ಸಂಜೆ ಐದು

ಹೇಗೆ ಬರೆಯಲಿ.

ನಡೆದದ್ದನ್ನು ನಡೆದ ಹಾಗೆ.

ಮೂರನೇ ಭೇಟಿ. ಮೊದಲು ಅಂಜೂರದ ತೋಟದ ಬಗ್ಗೆ ಕೇಳಿದೆ. ಕಣ್ಣು ಮುಚ್ಚಿ ತಲೆಯಾಡಿಸಿದರು. "ಒಳ್ಳೆಯ ಮುದುಕ. ಅವನಿಗೆ ಅನ್ಯಾಯ ಆಯ್ತು." ಆಯ್ತು. ತಾನಾಗಿ ಆಯ್ತು, ಮಳೆ ಬಂತು ಅನ್ನುವ ಹಾಗೆ.

ಆಮೇಲೆ ಲೆಬನಾನ್. ಕೇಳಬೇಕೆಂದು ಕೇಳಿದ್ದಲ್ಲ, ವರ್ಷದ ಸರದಿಯಲ್ಲಿ ಬಂತು. ಆಗ ಅವರು ಭದ್ರತಾ ಸಂಪುಟದಲ್ಲಿದ್ದರು. 96ರ ಬೇಸಿಗೆಯಲ್ಲಿ ಆ ಗಡಿಪಟ್ಟಿ ಬಿಟ್ಟು ಬರುವ ಪ್ರಸ್ತಾಪ ಮೇಜಿನ ಮೇಲೆ ಬಂದಿತ್ತು, ಒಂದೇ ವೋಟಿನಿಂದ ಬಿದ್ದಿತ್ತು. ಅದೆಲ್ಲ ಹಳೇ ಸುದ್ದಿ. ಯಾರ ವೋಟು ಅನ್ನುವುದಷ್ಟೇ ಹೊರಗೆ ಬಂದಿರಲಿಲ್ಲ.

"ನನ್ನದು," ಅಂದರು. ಸಕ್ಕರೆ ಕಲಕುತ್ತಾ. "ಸೇನೆಯವರು ನಕ್ಷೆ ಹರಡಿದ್ರು. ಆ ಪಟ್ಟಿಯಿಂದ ಯಾರಿಗೂ ರಕ್ಷಣೆ ಇಲ್ಲ, ಹುಡುಗರು ಸುಮ್ಮನೆ ಸಾಯ್ತಿದ್ದಾರೆ — ನನಗೆ ಸ್ಪಷ್ಟವಾಗಿ ಗೊತ್ತಿತ್ತು."

"ಗೊತ್ತಿದ್ದೂ ಉಳಿಯೋದಕ್ಕೆ ಕೈ ಎತ್ತಿದ್ರಾ?"

"ಎತ್ತದಿದ್ರೆ ಸರ್ಕಾರ ಬೀಳ್ತಿತ್ತು. ನಾನು ಹೊರಗಿರ್ತಿದ್ದೆ. ನನ್ನ ಕುರ್ಚಿಗೆ ಇನ್ನೂ ಕೆಟ್ಟವನು ಬರ್ತಿದ್ದ."

"ಒಳಗಿದ್ದು ಏನು ಮಾಡಿದ್ರಿ?"

"ತಡೆದೆ."

"ಏನನ್ನ?"

ಯೋಚಿಸಿದರು. ನಿಜವಾಗಿ ಯೋಚಿಸಿದರು. "ಇನ್ನೂ ಕೆಟ್ಟದ್ದನ್ನ."

"ನನ್ನ ತಮ್ಮ ಸತ್ತದ್ದು ಆ ಬೇಸಿಗೆ ಆದ ಮೇಲೆ ಬಂದ ಚಳಿಗಾಲದಲ್ಲಿ."

"ಗೊತ್ತು ರುಹಾಮಾ. ಅದಕ್ಕೇ ನಿಮ್ಮನೆಗೆ ಬಂದಿದ್ದು."

ಆಮೇಲೆ ಅತ್ತ. ನನ್ನ ಕೈ ಮೇಲೆ ತನ್ನ ಕೈಯಿಟ್ಟು, ಭುಜ ಕುಲುಕಿಸಿ ಅತ್ತ. ಕಣ್ಣೀರು ನಿಜವಾದದ್ದು, ಬಿಸಿ ಇತ್ತು. ನಾನೇ ಎದ್ದು ನೀರು ತಂದುಕೊಟ್ಟೆ. ತಂದುಕೊಟ್ಟೆ! ಅಬೂ ರಾಘಿಬನ ಅಪ್ಪನ ಹಾಗೆ.

"ಟೇಪು ಓಡ್ತಿದೆಯಾ?" ಬಾಗಿಲ ಹತ್ತಿರ ಕೇಳಿದ.

"ಓಡ್ತಿತ್ತು."

"ಇರ್ಲಿ. ಹಾಕು. ಜನಕ್ಕೆ ಗೊತ್ತಾಗ್ಲಿ."

ಸುಳ್ಳುಗಾರ ಅಂದುಕೊಂಡರೆ ದ್ವೇಷಿಸಬಹುದಿತ್ತು. ಇವನಿಗೆ ಎಲ್ಲ ಗೊತ್ತಿತ್ತು. ಯಾವಾಗಲೂ ಗೊತ್ತಿತ್ತು.

ಭಾನುವಾರ, 20 ಮಾರ್ಚ್

ಪೂರಿಮ್, ವೇಷ ಹಾಕುವ ಹಬ್ಬ. ಬೀದಿಯಲ್ಲಿ ಮಕ್ಕಳು ರಾಜ, ಸಿಪಾಯಿ, ಜೇನುಹುಳ. ಹೊರಗೆ ಹೋಗಲಿಲ್ಲ. ನನಗೆ ಜ್ವರ ಅಂತ ಅಮ್ಮನಿಗೆ ಸುಳ್ಳು ಹೇಳಿದೆ.

ಭಾನುವಾರ, 27 ಮಾರ್ಚ್

ಹನೋಖ್‌ಗೆ ಕಳೆದ ಮಂಗಳವಾರ ಟೇಪು ಕೇಳಿಸಿದೆ. ಬೇಡ ಅನ್ನುತ್ತಾನೆ, ಜಗಳ ಆಡಬೇಕು, ಕೆಲಸ ಬಿಡಬೇಕಾದರೂ ಸರಿ ಅಂತ ಸಿದ್ಧವಾಗಿ ಹೋಗಿದ್ದೆ.

ಹೆಡ್‌ಫೋನ್ ತೆಗೆದ. ಮುಖ ಅರಳಿತ್ತು. "ಚಿನ್ನ! ಅಪ್ಪಟ ಚಿನ್ನ! ಇಷ್ಟು ವರ್ಷದಲ್ಲಿ ಯಾವ ಮಂತ್ರಿ ಹೀಗೆ ಬಾಯಿಬಿಟ್ಟಿದ್ದಾನೆ ಹೇಳು? ಆ ಅಳು — ಒಂದು ಸೆಕೆಂಡೂ ಕತ್ತರಿಸಬೇಡ."

"ಹನೋಖ್, ಅವನು ಸತ್ತ ಹುಡುಗರ ಬಗ್ಗೆ ಹೇಳ್ತಿದ್ದಾನೆ. ಗೊತ್ತಿದ್ದೂ ಕಳಿಸಿದೆ ಅಂತಿದ್ದಾನೆ."

"ಹೌದಲ್ಲ! ಅದಕ್ಕೇ!"

ಆಮೇಲೆ ನೆನಪಾಯಿತು ಅವನಿಗೆ. ಮುಖ ಇಳಿಸಿಕೊಂಡ. "ಕ್ಷಮಿಸು. ನಿನ್ನ ತಮ್ಮ... ಬೇಕಾದ್ರೆ ಬೇರೆಯವರ ಕೈಲಿ ಎಡಿಟ್ ಮಾಡಿಸ್ತೀನಿ."

"ನಾನೇ ಮಾಡ್ತೀನಿ."

"ಆ ಅಂಜೂರದ ಮುದುಕನ್ನ ತೆಗೀ. ಸಮಯ ಇಲ್ಲ. ಅಲ್ದೆ ಗಮನ ಬೇರೆ ಕಡೆ ಹೋಗತ್ತೆ."

ತೆಗೆಯಲ್ಲ ಅಂದೆ. ವಾರವಿಡೀ ವಾದ. ಇಪ್ಪತ್ತು ಸೆಕೆಂಡಿಗೆ ಇಳಿಯಿತು. ಕೊನೆಗೆ ಅದೂ ಹೋಯಿತು.

ಬುಧವಾರ, 13 ಏಪ್ರಿಲ್. ಮಧ್ಯಾಹ್ನ

ಪ್ರಸಾರಕ್ಕೆ ಮುಂಚೆ ಅಮ್ಮನಿಗೆ ಹೇಳಲೇಬೇಕಿತ್ತು. ಎರಡು ಸಲ ಹೋಗಿ ಹೇಳದೆ ಬಂದಿದ್ದೆ. ಇವತ್ತು ಹೇಳಿದೆ.

ಪೆಸಾಖ್ ಹಬ್ಬಕ್ಕೆ ಅಕ್ಕಿ ಆರಿಸುತ್ತಿದ್ದಳು. ನಮ್ಮ ಬಾಗ್ದಾದಿನವರ ಪದ್ಧತಿ — ಬಿಳಿ ಬಟ್ಟೆ ಹಾಸಿ, ಹಬ್ಬದ ಅನ್ನಕ್ಕೆ ಬೆರೆಯಬಾರದ ಗೋಧಿ ಒಂದು ಕಾಳೂ ಉಳಿಯದ ಹಾಗೆ ಮತ್ತೆ ಮತ್ತೆ ಆರಿಸಬೇಕು. ಎದುರಿಗೆ ಕೂತು ನಾನೂ ಆರಿಸುತ್ತಾ ಹೇಳಿದೆ. ಬೇಸಿಗೆ, ನಕ್ಷೆ, ಒಂದು ವೋಟು. ಕಣ್ಣೆತ್ತಲಿಲ್ಲ ಅವಳು.

ಕಾಳೊಂದನ್ನು ಪಕ್ಕಕ್ಕಿಟ್ಟು ಕೇಳಿದಳು: "ನಮ್ಮನೇಲಿ ಅತ್ತಿದ್ದು ಸುಳ್ಳಾ?"

"ಸುಳ್ಳಲ್ಲಮ್ಮ. ನಿಜವಾಗಿಯೇ ಅತ್ತಿದ್ದು."

"ಮತ್ತೆ ಅದನ್ನ ಯಾಕೆ ಕಿತ್ಕೊಳ್ತೀಯಾ ನನ್ನಿಂದ?"

ಅವಳ ಬೆರಳು ಓಡುತ್ತಲೇ ಇತ್ತು.

"ಎಪ್ಪತ್ತೊಂಬತ್ತು ನನಗೆ. ದೇವರ ಮೇಲೆ ಸಿಟ್ಟು ಮಾಡಿಕೊಂಡು ಸಾಕಾಯ್ತು. ಆ ಬಾಂಬಿಟ್ಟವನ ಮೇಲೆ ಮಾಡಿಕೊಂಡೆ, ಅವನ ಮುಖ ಗೊತ್ತಿಲ್ಲ. ಈಗ ಇವನ ಮೇಲಾ? ಇವನೊಬ್ಬನೇ ಕಣೇ ನನ್ನ ಮಗನ ಹೆಸರು ಹೇಳ್ತಿದ್ದದ್ದು. ನೀನೂ ಹೇಳಲ್ಲ. 'ತಮ್ಮ' ಅಂತೀಯ. ಎಲ್ದಾದ್ ಅಂತ ಬಾಯಲ್ಲಿ ಬರಲ್ಲ ನಿನಗೆ."

"ಅಮ್ಮಾ..."

"ರೇಡಿಯೋದಲ್ಲಿ ಹಾಕ್ತೀಯಾ?"

"ಹಾಕ್ತೀನಿ. ಎಲ್ಲರಿಗೂ ಗೊತ್ತಾಗಬೇಕು. ಒಮ್ಮೆಯಾದ್ರೂ ಜನಕ್ಕೆ ಸಿಟ್ಟು ಬರಬೇಕು."

"ಹಾಕು. ನಾನು ಕೇಳಲ್ಲ."

ಆರಿಸಿದ ಅಕ್ಕಿಯನ್ನೂ ಆರಿಸದ್ದನ್ನೂ ಒಂದೇ ರಾಶಿಗೆ ಸೇರಿಸಿಬಿಟ್ಟಿದ್ದಳು. ನಾನು ನೋಡಿದ್ದನ್ನು ನೋಡಿದಳು. "ಹೋಗ್ಲಿ ಬಿಡು. ಮತ್ತೆ ಮಾಡ್ತೀನಿ."

ಶುಕ್ರವಾರ, 29 ಏಪ್ರಿಲ್

ನಿನ್ನೆ ಪ್ರಸಾರವಾಯಿತು.

ಫೋನುಗಳು ನಿಲ್ಲಲಿಲ್ಲ. ಸ್ವಿಚ್‌ಬೋರ್ಡಿನ ಪಕ್ಕದಲ್ಲೇ ಕೂತಿದ್ದೆ. ಸಿಟ್ಟಿಗಾಗಿ ಕಾಯುತ್ತಾ. ಬೈಗುಳಕ್ಕಾಗಿ. ಯಾರಾದರೂ ಕೂಗಲಿ ಅಂತ.

"ಎಂಥ ಪ್ರಾಮಾಣಿಕತೆ!" "ಇಂಥವರು ಇನ್ನು ಹುಟ್ಟಲ್ಲ." "ಕಾರು ನಿಲ್ಲಿಸಿ ಅತ್ತುಬಿಟ್ಟೆ." ಒಬ್ಬ ಮೇಷ್ಟ್ರು ಟೇಪು ಬೇಕೆಂದರು, ತರಗತಿಯಲ್ಲಿ ಕೇಳಿಸಬೇಕಂತೆ, ಆತ್ಮಸಾಕ್ಷಿ ಅಂದರೇನು ಅಂತ ಕಲಿಸಲು.

ಒಬ್ಬ ಹೆಂಗಸು ಮಾತ್ರ. ತನ್ನ ಮಗನ ಹೆಸರು ಹೇಳಿದಳು, ಪೂರ್ತಿ ಹೆಸರು. ಅಷ್ಟೇ. ಫೋನ್ ಇಟ್ಟುಬಿಟ್ಟಳು.

ಇವತ್ತಿನ ಪತ್ರಿಕೆಯ ಮೊದಲ ಪುಟ: 'ಕೊನೆಯ ಸತ್ಯವಂತ.' ಟ್ಯಾಕ್ಸಿಯವನೂ ಬಿಡಲಿಲ್ಲ. "ಕೇಳಿದ್ರಾ ಅಕ್ಕಾ ನಿನ್ನೆ? ಗಂಡಸು ಅಂದ್ರೆ ಅವನು! ಒಪ್ಪಿಕೊಂಡ ನೋಡಿ!"

"ಒಪ್ಪಿಕೊಂಡದ್ದು ಏನನ್ನ ಅಂತ ಕೇಳಿಸಿಕೊಂಡ್ಯಾ?"

ಕನ್ನಡಿಯಲ್ಲಿ ನೋಡಿದ. "ಏನೋ ಲೆಬನಾನಿಂದು... ಅದಲ್ಲ ಮುಖ್ಯ ಅಕ್ಕಾ. ಮನಸ್ಸು ಮುಖ್ಯ."

ಮನೆ ಬರುವ ಮುಂಚೆಯೇ ಇಳಿದೆ.

ಬುಧವಾರ, 4 ಮೇ

ಸರ್ಕಾರ ಅಲುಗಾಡುತ್ತಿತ್ತಲ್ಲ, ನಾಲ್ಕು ಕೈ ಕಮ್ಮಿಯಾಗಿ. ಶಾಲ್ತಿಯೇಲ್ ಪಕ್ಷ ಒಳಗೆ ಬಂತು. ಎಂಬತ್ತೈದನೇ ವಯಸ್ಸಿಗೆ ಹತ್ತನೇ ಸಲ ಮಂತ್ರಿ. ಖಾತೆ ಇಲ್ಲ. 'ಸಂಪುಟದ ಅಂತಃಸಾಕ್ಷಿಯಾಗಿ ಬರುತ್ತಿದ್ದಾರೆ' ಅಂದರು ವಕ್ತಾರರು. ಕಳೆದ ವಾರದ ರೇಡಿಯೋ ಕಾರ್ಯಕ್ರಮ ಕೇಳಿ ಪ್ರಧಾನಿಯ ಕಣ್ಣು ತುಂಬಿ ಬಂತಂತೆ.

ಪ್ರಮಾಣವಚನ ಮುಗಿಸಿ ಹೊರಬಂದವನೇ ಗುಡ್ಡಗಳ ಮೇಲೆ ಹೊಸ ಮನೆ ಕಟ್ಟುವುದಕ್ಕೆ ವೋಟು ಹಾಕಿದ. ಮೈಕಿನ ಮುಂದೆ: "ಭಾರವಾದ ಮನಸ್ಸಿನಿಂದ."

ಹನೋಖ್ ಎಲ್ಲರಿಗೂ ಬುರೆಕಾಸ್ ಪಫ್ ತರಿಸಿದ. "ನಿನ್ನ ಕಾರ್ಯಕ್ರಮ ಸರ್ಕಾರ ಉಳಿಸ್ತು ಕಣೇ!" ತಮಾಷೆಗೆ ಹೇಳಿದ. ಯಾರೋ ಚಪ್ಪಾಳೆ ತಟ್ಟಿದರು. ಕೈಯಲ್ಲಿದ್ದ ಬುರೆಕಾಸ್ ತಿಂದೆ. ಏನು ಮಾಡಲಿ, ತಿಂದೆ.

ಸೋಮವಾರ, 9 ಮೇ. ಸಂಜೆ

ಸ್ಮರಣೆಯ ದಿನ. ಹರ್ಜೆಲ್ ಬೆಟ್ಟದ ಸೈನಿಕ ಸ್ಮಶಾನ.

ನಿನ್ನೆ ಅಮ್ಮನಿಗೆ ಅವನ ಫೋನ್ ಬಂದಿತ್ತಂತೆ. ಏನು ಮಾತಾಡಿದಳೋ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬೆಳಿಗ್ಗೆ ಕರಿ ಉಡುಪು ಹಾಕಿ, ಹೂವಿನ ಕುಂಡ ಮಡಿಲಲ್ಲಿಟ್ಟುಕೊಂಡು ಸಿದ್ಧವಾಗಿದ್ದಳು.

ಮಂತ್ರಿಗಳನ್ನು ಊರೂರಿನ ಸ್ಮಶಾನಕ್ಕೆ ಹಂಚುತ್ತಾರೆ. ಶಾಲ್ತಿಯೇಲ್ ಜೆರುಸಲೇಮೇ ಬೇಕು ಅಂದನಂತೆ. ಹನ್ನೊಂದಕ್ಕೆ ಸೈರನ್. ಎಲ್ಲರೂ ನಿಂತೆವು. ಸೈರನ್ ಇಳಿದ ಮೇಲೆ ನಮ್ಮ ಸಾಲಿನ ಕಡೆ ಬರುತ್ತಿದ್ದ, ಕೋಲೂರಿಕೊಂಡು. ಹಿಂದೆ ಅಂಗರಕ್ಷಕರು, ಕ್ಯಾಮೆರಾದವರು. ಎಲ್ದಾದ್ ಕಲ್ಲಿನ ಮುಂದೆ ನಿಂತ. ಹೆಸರು ಓದಿದ. ಅಳತೊಡಗಿದ.

ಅಮ್ಮ ಅವನನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾಳೆ ಅಂದುಕೊಂಡೆ. ಹೇಳಮ್ಮ. ಇಷ್ಟು ಜನರ ಮುಂದೆ, ಒಂದು ಮಾತು.

ಅವಳು ತೋಳಿನ ಮಡಿಕೆಯಿಂದ ಕರವಸ್ತ್ರ ತೆಗೆದಳು. ಎರಡು ಹೆಜ್ಜೆ ಮುಂದೆ ಹೋದಳು. ಅವನ ಕೆನ್ನೆ ಒರೆಸಿದಳು. ಮೂಗು ಒರೆಸಿದಳು.

"ಅಳ್ಬೇಡಪ್ಪ," ಅಂದಳು. "ಸಾಕು."

ಕ್ಯಾಮೆರಾಗಳು ಮಳೆ ಸುರಿದ ಹಾಗೆ.

ಬಸ್ಸಿನಲ್ಲಿ ಬಂದೆವು. ಆ ಕರವಸ್ತ್ರವನ್ನು ಇಳಿಯುವಾಗ ಸೀಟಿನ ಮೇಲೇ ಬಿಟ್ಟಳು. ನಾನು ಎತ್ತಿಕೊಳ್ಳಲು ಹೋದರೆ ನನ್ನ ಮಣಿಕಟ್ಟು ಹಿಡಿದಳು.

ಬುಧವಾರ, 11 ಮೇ. ಬೆಳಿಗ್ಗೆ

ಪತ್ರಿಕೆಯಲ್ಲಿ ಫೋಟೋ. ಅರ್ಧ ಪುಟ. ಅಮ್ಮನ ಕೈ, ಅವನ ಮುಖ. ನಿಜವಾಗಿ ಚೆನ್ನಾಗಿದೆ, ಅದೇ ಹೊಟ್ಟೆ ಉರಿಸುವುದು. ಪಕ್ಕದ ಮನೆಯವಳು ತಂದುಕೊಟ್ಟಿದ್ದಾಳೆ. ನಾನು ಹೋಗುವಷ್ಟರಲ್ಲಿ ಅಮ್ಮ ಅದನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಈಚೆಗೆ ಸಣ್ಣಕ್ಷರ ಕಾಣುವುದಿಲ್ಲ ಅವಳಿಗೆ.

"ಕೆಳಗೆ ಏನು ಬರ್ದಿದ್ದಾರೆ?"

"ಬಿಡಮ್ಮ."

"ಓದು."

ಓದಿದೆ. "'ಕ್ಷಮೆ. ಮಗನನ್ನು ಕಳೆದುಕೊಂಡ ತಾಯಿ ಮಂತ್ರಿ ಶಾಲ್ತಿಯೇಲ್ ಅವರನ್ನು ಕ್ಷಮಿಸಿದ ಕ್ಷಣ.'"

ಅಮ್ಮ ಅಂಗೈಯಿಂದ ಮೇಜು ಬಡಿದಳು. ಲೋಟ ಉರುಳಿತು. ಹದಿನಾಲ್ಕು ವರ್ಷದಲ್ಲಿ ಆ ದನಿ ಕೇಳಿರಲಿಲ್ಲ ನಾನು.

"ಯಾರು ಹೇಳಿದ್ದು ಅವರಿಗೆ? ನಾನು ಹೇಳಿದ್ನಾ? ಮುದುಕ ಅಳ್ತಿದ್ದ. ಮೂಗು ಸೋರ್ತಿತ್ತು. ನನ್ನ ಮಗನ ಕಲ್ಲಿನ ಮೇಲೆ ಬೀಳತ್ತೆ ಅಂತ ಒರೆಸಿದೆ. ಅಷ್ಟೇ! ಫೋನ್ ಮಾಡು. ಈಗ್ಲೇ ಮಾಡು. ನಯೀಮಾ ಕ್ಷಮಿಸಿಲ್ಲ ಅಂತ ಹಾಕೋಕೆ ಹೇಳು. ಅಷ್ಟೇ ದೊಡ್ಡ ಅಕ್ಷರದಲ್ಲಿ."

ಮಾಡಿದೆ. ಮೊದಲು ಸಂಗೀತ. ಆಮೇಲೆ ಒಬ್ಬ ಹುಡುಗಿ, ಇನ್ನೊಬ್ಬ ಹುಡುಗಿ, ಕೊನೆಗೆ ಒಬ್ಬ ಸಂಪಾದಕ. ನನ್ನ ಹೆಸರು ಕೇಳಿ ಕಾರ್ಯಕ್ರಮವನ್ನು ಹೊಗಳಿದ. ಹೇಳಿದ್ದೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡ. "ಅರ್ಥ ಆಗತ್ತೆ. ತಾಯಿಯ ನೋವು, ಗೊಂದಲ ಇರತ್ತೆ. ಆದ್ರೆ ನೋಡಿ, ಇಡೀ ದೇಶಕ್ಕೆ ಸಮಾಧಾನ ಕೊಟ್ಟ ಫೋಟೋ ಅದು. ಈಗ ಅದನ್ನ ಹಾಳು ಮಾಡೋದು ಯಾರಿಗೆ ಒಳ್ಳೇದು?" ಫೋನಿಟ್ಟ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಕಣ್ಣಲ್ಲಿ ಬೆಂಕಿ. ಎಷ್ಟೋ ವರ್ಷ ಚಿಕ್ಕವಳಾಗಿ ಕಂಡಳು.

"ಏನಂದ್ರು? ಹಾಕ್ತಾರಂತಾ?"

ನಾನು ಹೇಳಿದೆ: "ಇಲ್ಲಮ್ಮ. ಎಲ್ದಾದ್‌ನ ಅಮ್ಮ ಕ್ಷಮಿಸಿಲ್ಲ ಅನ್ನೋದು ಅವರಿಗೆ ಬೇಡವಂತೆ."